ದರೆ ಹತ್ತದ ಎಲೆಕ್ಟ್ರಾನ್

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ತಾಮ್ರದೊಳಗೆ ಎಲೆಕ್ಟ್ರಾನ್‌ಗಳ ಓಟವನ್ನು ಒಂದೊಂದಾಗಿ ಲೆಕ್ಕಹಾಕುವ ನನ್ನ ಕಂಪ್ಯೂಟರ್ ಪ್ರೋಗ್ರಾಂಗೆ ಮೊದಲು ಕಲಿಸಿದ್ದು, 1,000 ಎಲೆಕ್ಟ್ರಾನ್ ಮುಗಿದಾಗಲೆಲ್ಲ ಲೆಕ್ಕ ಉಳಿಸಿಡುವುದನ್ನು. ರ‍್ಯಾಂಡಮ್ ಸಂಖ್ಯೆಗಳು ಎಲ್ಲಿಗೆ ಬಂದಿವೆ ಅನ್ನುವುದನ್ನೂ ಉಳಿಸಬೇಕು. ಇಲ್ಲದಿದ್ದರೆ ಕರೆಂಟ್ ಬಂದ ಮೇಲೆ ಹಳೇ ಎಲೆಕ್ಟ್ರಾನ್‌ಗಳೇ ಮತ್ತೆ ಓಡಬಹುದು.

ತಾಮ್ರಕ್ಕೆ ಒಂದು ಎಲೆಕ್ಟ್ರಾನ್ ಬಡಿದರೆ ಎಷ್ಟು ಎಲೆಕ್ಟ್ರಾನ್ ಹೊರಬರುತ್ತವೆ? ನನಗೆ ಬೇಕಾಗಿದ್ದು ಈ ಲೆಕ್ಕ. ಜಿನೀವಾ ಬಳಿ ಪ್ರೋಟಾನ್‌ಗಳನ್ನು ಭಾರಿ ವೇಗದಲ್ಲಿ ಓಡಿಸಿ ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಲ್ಲಿ ಕಿರಣ ಹೋಗುವ ಕೊಳವೆಯ ಒಳಮೈಗೆ ಬಹುಪಾಲು ತಾಮ್ರದ ಪದರವಿದೆ. ಅಲ್ಲಿ ಹೀಗೆ ಹೊರಬಿದ್ದ ಎಲೆಕ್ಟ್ರಾನ್‌ಗಳು ಮೋಡದ ಹಾಗೆ ಕವಿದು ಪ್ರೋಟಾನ್ ಕಿರಣವನ್ನು ಕೆಡಿಸುತ್ತವೆ.

ವಿಧಾನ ಮಾಂಟೆ ಕಾರ್ಲೊ, ಅಂದರೆ ಪ್ರತಿ ಹೆಜ್ಜೆಯಲ್ಲೂ ಏನಾಗುತ್ತದೆ ಅನ್ನುವುದನ್ನು ರ‍್ಯಾಂಡಮ್ ಸಂಖ್ಯೆ ಎತ್ತಿ ತೀರ್ಮಾನಿಸುವುದು. ಲೋಹದೊಳಗೆ ಎಲೆಕ್ಟ್ರಾನ್ ಸ್ವಲ್ಪ ದೂರ ನೇರ ಹೋಗುತ್ತದೆ, ಡಿಕ್ಕಿ ಹೊಡೆಯುತ್ತದೆ, ತಿರುಗುತ್ತದೆ. ಪರಮಾಣುವಿನ ನ್ಯೂಕ್ಲಿಯಸ್ ಹತ್ತಿರ ಹಾದರೆ ದಿಕ್ಕು ಬದಲಾಗುತ್ತದೆ, ಶಕ್ತಿ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತದೆ. ಬೇರೆ ಎಲೆಕ್ಟ್ರಾನ್‌ಗೆ ಗುದ್ದಿದರೆ ಶಕ್ತಿ ಹಂಚಿಹೋಗುತ್ತದೆ. ಗುದ್ದಿಸಿಕೊಂಡದ್ದನ್ನೂ ನಾನು ಸಾಲಿಗೆ ಸೇರಿಸಿ ಓಡಿಸುತ್ತೇನೆ. ನ್ಯೂಕ್ಲಿಯಸ್ ಹತ್ತಿರ ಎಷ್ಟು ತಿರುಗುತ್ತದೆ ಅನ್ನುವುದಕ್ಕೆ ಮೊದಲು ಸುಲಭ ಅಂತ ರುದರ್‌ಫೋರ್ಡ್ ಸೂತ್ರ ಹಾಕಿದ್ದೆ. ನಿಧಾನವಾದ ಎಲೆಕ್ಟ್ರಾನ್‌ಗಳಿಗೆ ಅದು ಸರಿಹೋಗುವುದಿಲ್ಲ. ಭೌತವಿಜ್ಞಾನಿ ಮಾಟ್ ಅವರ ಸೂತ್ರದಿಂದ ಮಾಡಿದ ಕೋಷ್ಟಕಕ್ಕೆ ಬದಲಾಯಿಸಿದೆ.

ಬಡಿಯುವ ಎಲೆಕ್ಟ್ರಾನ್‌ನ ಶಕ್ತಿ 600 ಎಲೆಕ್ಟ್ರಾನ್‌ವೋಲ್ಟ್ (ಇಂಥ ಸಣ್ಣ ಶಕ್ತಿಗಳನ್ನು ಅಳೆಯುವ ಮಾನ) ಹತ್ತಿರ ಇದ್ದರೆ, ಶುದ್ಧ ತಾಮ್ರದಿಂದ ಒಂದಕ್ಕೆ ಸರಾಸರಿ ಸುಮಾರು 1.3 ಹೊರಬರಬೇಕು. ನನಗೆ 2 ದಾಟಿ ಬಂತು. ಕಷ್ಟ ಏನೆಂದರೆ, ಗಾಳಿಗೆ ಒಡ್ಡಿದ, ತೊಳೆಯದ ತಾಮ್ರದ ಅಳತೆಗಳೂ 2ರ ಆಸುಪಾಸಿನಲ್ಲೇ ಇರುತ್ತವೆ. ಉತ್ತರ ನಿಜದ ಹಾಗೆ ಕಂಡಿತು. ಎರಡು ವಾರ ಅದನ್ನೇ ನಂಬಿಕೊಂಡಿದ್ದೆ. ಆದರೆ ನನ್ನ ಪ್ರೋಗ್ರಾಂನಲ್ಲಿ ಕೊಳೆಯೇ ಇರಲಿಲ್ಲ ಅಲ್ವಾ, ಕೊಳೆ ತಾಮ್ರದ ಉತ್ತರ ಎಲ್ಲಿಂದ ಬರಬೇಕು?

ತಪ್ಪು ಸಿಕ್ಕಿದ್ದು ತೋಟಕ್ಕೆ ಹೋಗುವಾಗ. ನಮ್ಮ ತೋಟದ ಅಂಚಿಗೆ ಎತ್ತರದ ದರೆ, ಅಂದರೆ ಮಣ್ಣಿನ ಏರು ಇದೆ. ಎದುರಿಗೆ ನೇರ ಓಡಿಬಂದರೆ ಆ ಓಟದಲ್ಲೇ ಹತ್ತಿಬಿಡಬಹುದು. ಅದೇ ವೇಗದಲ್ಲಿ ದರೆಯ ಉದ್ದಕ್ಕೆ ಓರೆಯಾಗಿ ಓಡಿದರೆ ಸುಮ್ನೆ ಪಕ್ಕದಲ್ಲೇ ಓಡುತ್ತಿರುತ್ತೇವೆ. ಲೋಹದ ಮೇಲ್ಮೈಯೂ ಹೀಗೇ ಒಂದು ದರೆ. ತಾಮ್ರದಲ್ಲಿ ಅದರ ಎತ್ತರ ಸುಮಾರು 11.65 ಎಲೆಕ್ಟ್ರಾನ್‌ವೋಲ್ಟ್: ಲೋಹದೊಳಗೆ ಎಲೆಕ್ಟ್ರಾನ್‌ಗಳು ತಳದಿಂದ ತುಂಬಿಕೊಂಡಿರುವ ಮಟ್ಟ (ಫರ್ಮಿ ಶಕ್ತಿ) 7, ಅದರ ಮೇಲೆ ಹೊರಬರಲು ಬೇಕಾದ ಶಕ್ತಿ (ವರ್ಕ್ ಫಂಕ್ಷನ್) 4.65. ಎಲೆಕ್ಟ್ರಾನ್‌ನ ಒಟ್ಟು ಶಕ್ತಿ ಇದಕ್ಕಿಂತ ಜಾಸ್ತಿ ಇದ್ದರೆ ಸಾಕು ಅಂತ ನಾನು ಹೊರಗೆ ಬಿಡುತ್ತಿದ್ದೆ. ನೋಡಬೇಕಾಗಿದ್ದು ಮೇಲ್ಮೈಗೆ ನೇರವಾಗಿ ಹೋಗುವ ಭಾಗವನ್ನು ಮಾತ್ರ, ಅಂದರೆ ಶಕ್ತಿಯನ್ನು ಕೋನದ ಕೊಸೈನ್ ವರ್ಗದಿಂದ ಗುಣಿಸಿ ಬಂದದ್ದನ್ನು.

ಇದು ಸಣ್ಣ ತಿದ್ದುಪಡಿ ಅಲ್ಲ. ಅದೇ ತಳದಿಂದ ಅಳೆದು 15 ಎಲೆಕ್ಟ್ರಾನ್‌ವೋಲ್ಟ್ ಇರುವ ಎಲೆಕ್ಟ್ರಾನ್ ತೆಗೆದುಕೊಳ್ಳಿ. ನೇರ ದಾರಿಯಿಂದ ಸುಮಾರು 28 ಡಿಗ್ರಿ ಒಳಗೆ ಬಂದರೆ ಮಾತ್ರ ಅದಕ್ಕೆ ಬಿಡುಗಡೆ. ಎಲ್ಲ ದಿಕ್ಕಿಗೂ ಸಮನಾಗಿ ಓಡುತ್ತಿದ್ದರೆ, ಮೇಲ್ಮೈ ಮುಟ್ಟಿದ ನೂರರಲ್ಲಿ ಸುಮಾರು 22 ಮಾತ್ರ ಆಚೆ ಹೋಗುತ್ತವೆ. ಉಳಿದವು ಒಳಗೆ ವಾಪಸ್. ನಾನು ನೂರನ್ನೂ ಎಣಿಸಿದ್ದೆ!

ದಾಟಿದವೂ ಬಾಗುತ್ತವೆ. ಇದೇ ಎಲೆಕ್ಟ್ರಾನ್ ಒಳಗೆ 20 ಡಿಗ್ರಿಯಲ್ಲಿ ಬಂದರೆ ಹೊರಗೆ ಸುಮಾರು 46 ಡಿಗ್ರಿಗೆ ಓರೆಯಾಗುತ್ತದೆ, ಶಕ್ತಿ 3.35ಕ್ಕೆ ಇಳಿಯುತ್ತದೆ. ಇದನ್ನೂ ಸೇರಿಸಿ ಮತ್ತೆ ಓಡಿಸಿದೆ. ರಾತ್ರಿ ಎರಡು ಸಲ ಕರೆಂಟ್ ಹೋಯಿತು, ಲೆಕ್ಕ ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ಉತ್ತರ 1.3ರ ಹತ್ತಿರ ಬಂದು ನಿಂತಿತ್ತು. ಹೊರಬಂದ ಕೋನಗಳ ಚಿತ್ರವೂ, ಇರಬೇಕಾದ ಹಾಗೆ, ಕೊಸೈನ್ ಗೆರೆಯ ಮೇಲೆ ಕೂತಿತ್ತು. ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೋ.

ಈಗ ನುಣುಪು ಮೇಲ್ಮೈ ಬಿಟ್ಟು ಗೀರುಗಳಿರುವ ತಾಮ್ರಕ್ಕೆ ಕೈಹಾಕಿದ್ದೇನೆ. ಗೀರಿನಿಂದ ಎದ್ದ ಎಲೆಕ್ಟ್ರಾನ್ ಎದುರು ಗೋಡೆಗೆ ಬಡಿದು ಅಲ್ಲೇ ಉಳಿದುಬಿಡಬಹುದು, ಆಗ ಲೆಕ್ಕ 1.3ಕ್ಕಿಂತ ಇನ್ನೂ ಇಳಿಯಬೇಕು. ಗೀರಿನ ಆಳ, ಅಗಲ ಬದಲಿಸಿ ಬದಲಿಸಿ ಓಡಿಸುತ್ತಿದ್ದೇನೆ.