ಹೋಮ್ ಕೇರ್ ಏಡ್ ಕೆಲಸ: ವಾಷಿಂಗ್ಟನ್ ರಾಜ್ಯಕ್ಕೆ ಹೊಸದಾಗಿ ಬಂದವರಿಗೆ

ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸಕ್ಕೆ ನಮ್ಮ ಸಂಘದ ಹಲವರು ಸೇರಿದ್ದಾರೆ. ಒಳ್ಳೆ ಹೆಸರೂ ತಂದಿದ್ದಾರೆ. "ಅತ್ತೆಯನ್ನು ಹತ್ತು ವರ್ಷ ನೋಡಿಕೊಂಡಿದ್ದೇನೆ, ನನಗ್ಯಾಕೆ ಟ್ರೈನಿಂಗ್?" ಅಂತ ಮಾತ್ರ ಕೇಳಬೇಡಿ. ನಾನು ಕೇಳಿ ಮುಖಭಂಗ ಮಾಡಿಕೊಂಡಿದ್ದೇನೆ.

ಮೊದಲು ವೀಸಾ. ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿ ಬಂದವರು ಇಎಡಿ ಕಾರ್ಡ್ (ದುಡಿಯಲು ಅನುಮತಿ ಪತ್ರ) ಕೈಗೆ ಬರುವವರೆಗೆ ಸಂಬಳಕ್ಕೆ ದುಡಿಯುವಂತಿಲ್ಲ. ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಬಂದ ಅಮ್ಮಂದಿರನ್ನು "ಸುಮ್ನೆ ಆ ಅಜ್ಜಿ ಜೊತೆ ಕೂತು ಬನ್ನಿ, ಕ್ಯಾಶ್ ಕೊಡ್ತಾರೆ" ಎಂದು ಕಳಿಸುವವರು ನಮ್ಮಲ್ಲೇ ಇದ್ದಾರೆ. ದಯವಿಟ್ಟು ಬೇಡ.

ಬೇಕಾದದ್ದು ಇಷ್ಟು:
- ಬೆರಳಚ್ಚು, ಹಿನ್ನೆಲೆ ತಪಾಸಣೆ
- ಕೆಲಸಕ್ಕೆ ಸೇರಿದ 120 ದಿನದೊಳಗೆ 75 ಗಂಟೆ ತರಬೇತಿ
- ಕೆಲಸಕ್ಕೆ ಸೇರಿದ 200 ದಿನದೊಳಗೆ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್; ಇಂಗ್ಲಿಷ್ ಕಷ್ಟವಾದವರು ಅರ್ಜಿ ಹಾಕಿದರೆ ಇನ್ನೂ 60 ದಿನ

ಸರ್ಕಾರದ ದುಡ್ಡಿನಲ್ಲಿ ಸ್ವಂತ ಅಪ್ಪ ಅಮ್ಮನನ್ನಷ್ಟೇ ನೋಡಿಕೊಳ್ಳುವವರಿಗೆ ತರಬೇತಿ ಕಡಿಮೆ, ಸರ್ಟಿಫಿಕೇಟ್ ಬೇಕಿಲ್ಲ.

ಇನ್ನು ನವೀಕರಣ. ಪ್ರತಿ ವರ್ಷ, ನಿಮ್ಮ ಹುಟ್ಟಿದ ದಿನಕ್ಕೆ. ಅಷ್ಟರೊಳಗೆ 12 ಗಂಟೆ ಮುಂದುವರಿದ ತರಬೇತಿ ಮುಗಿದಿರಬೇಕು. ಯಾವ ಹುಟ್ಟಿದ ದಿನ? ನಮ್ಮವರಿಗೆ ಎರಡಿರುತ್ತದೆ, ಅಲ್ವಾ! ನಾನು ಹುಟ್ಟಿದ್ದು ದೀಪಾವಳಿ ಆಸುಪಾಸು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದರು, ಪಾಸ್‌ಪೋರ್ಟಿನಲ್ಲೂ ಅದೇ ಕೂತಿತು. ಇಲ್ಲಿ ಲೆಕ್ಕ ಅದರದ್ದೇ. ನಾನು ದೀಪಾವಳಿಗೆ ಇನ್ನೂ ಟೈಮಿದೆ ಅಂದುಕೊಂಡು ಕ್ಲಾಸುಗಳನ್ನು ಮುಂದೂಡುತ್ತಾ ಬಂದೆ. ನೆನಪಿಸುವ ಪತ್ರ ಹಳೆ ಮನೆಗೆ ಹೋಗಿತ್ತು. ಅವಧಿ ಮುಗಿದ ಸರ್ಟಿಫಿಕೇಟ್ ಇಟ್ಟುಕೊಂಡು ಒಂದು ದಿನವೂ ಕೆಲಸ ಮಾಡುವಂತಿಲ್ಲ, ಹಾಗಾಗಿ ವಾರಗಟ್ಟಲೆ ಮನೆಯಲ್ಲಿ ಕೂತೆ. ತಡವಾದದ್ದಕ್ಕೆ ದಂಡ ಬೇರೆ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಹೊಸಬರ ಕೈಯಲ್ಲಿ ಸರಿಯಾಗಿ ಊಟವನ್ನೇ ಮಾಡಲಿಲ್ಲವಂತೆ. ದಂಡಕ್ಕಿಂತ ಅದೇ ಜಾಸ್ತಿ ನೋವಾಯಿತು.

ಸರ್ಟಿಫಿಕೇಟ್ ಕೊಡುವುದು ರಾಜ್ಯದ ಆರೋಗ್ಯ ಇಲಾಖೆ. ತರಬೇತಿಯ ನಿಯಮ ನೋಡುವುದು ಡಿಎಸ್‌ಎಚ್‌ಎಸ್ ಎಂಬ ಇನ್ನೊಂದು ಇಲಾಖೆ. ಮನೆ ಬದಲಿಸಿದಾಗ ಕೆಲಸ ಕೊಟ್ಟವರಿಗೆ ಹೇಳಿದೆವಲ್ಲ ಎಂದು ಸುಮ್ಮನಾಗಬೇಡಿ, ಆರೋಗ್ಯ ಇಲಾಖೆಗೆ ನೀವೇ ತಿಳಿಸಿ.

ಇನಿಶಿಯಲ್ ಇರುವವರು ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಸಿ. ಕ್ಲಾಸ್ ಮುಗಿಸಿದ ಪತ್ರಗಳನ್ನೆಲ್ಲ ಒಂದು ಫೈಲಿನಲ್ಲಿಡಿ. ಮೊದಲ ನವೀಕರಣಕ್ಕೆ ಸರ್ಟಿಫಿಕೇಟ್ ಬಂದು ವರ್ಷ ತುಂಬಿರದಿದ್ದರೆ 12 ಗಂಟೆ ಬೇಕಿಲ್ಲ. ಶುಲ್ಕ ಮಾತ್ರ ಕಟ್ಟಲೇಬೇಕು.