ಒಂದು ತೊಗರಿ ಗಿಡ, ಮೂರು ತರಗತಿಯ ಪಾಠ

ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳು, ಒಂಬತ್ತಕ್ಕೆ ಅಂಗಾಂಶ, ಹತ್ತಕ್ಕೆ ಗಿಡದೊಳಗೆ ನೀರು ಏರುವ ಬಗೆ. ಈ ಮೂರೂ ಪಾಠಗಳನ್ನು ನಾನು ತೊಗರಿ ಗಿಡ ಕೈಯಲ್ಲಿ ಹಿಡಿದೇ ಮಾಡುತ್ತೇನೆ. ನಮ್ಮ ಶಾಲೆ ಇರುವುದು ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ. ಕಾಂಪೌಂಡ್ ದಾಟಿದರೆ ಎರೆಹೊಲ, ಹೊಲದ ತುಂಬ ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಕ್ಲಾಸಿನಲ್ಲಿ ಕೂತ ಮಕ್ಕಳಲ್ಲಿ ಜಾಸ್ತಿ ಜನ ಕಳೆ ತೆಗೆದವರು, ರಾಶಿಗೆ ಹೋದವರು. ಅವರಿಗೆ ಗಿಡವನ್ನು ಬರೀ ಪುಸ್ತಕದ ಚಿತ್ರದಲ್ಲಿ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಬೇರಿನ ಗಂಟು ನೋಡಲು ಆಗಸ್ಟ್ ಒಳ್ಳೆಯ ಸಮಯ. ಬಿತ್ತಿ ಒಂದೂವರೆ, ಎರಡು ತಿಂಗಳಾಗಿರಬೇಕು, ಗಿಡ ಇನ್ನೂ ಹೂ ಬಿಟ್ಟಿರಬಾರದು. ಗಿಡವನ್ನು ಕಿತ್ತರೆ ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತವೆ. ಅದಕ್ಕೇ ಕುರ್ಪಿಯಿಂದ ಸುತ್ತ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಇಡಿಸುತ್ತೇನೆ. ಎರೆಮಣ್ಣು ಅಂಟು ಮಣ್ಣು, ಬಿಡಲು ಹೊತ್ತು ಬೇಕು. ಅವಸರ ಮಾಡಿ ಉಜ್ಜಬಾರದು. ಪಕ್ಕದಲ್ಲೇ ಒಂದು ಸಜ್ಜೆ ಗಿಡವನ್ನೂ ಹೀಗೇ ತೊಳೆಸುತ್ತೇನೆ. ತೊಗರಿಗೆ ನಡುವೆ ಒಂದು ತಾಯಿಬೇರು, ಸಜ್ಜೆಗೆ ಬರೀ ತಂತುಬೇರು. ತೊಗರಿ ಬೇರಿನಲ್ಲಿ ಗಂಟು ಇವೆ, ಸಜ್ಜೆಯಲ್ಲಿ ಇಲ್ಲ. ಇದನ್ನು ನಾನು ಹೇಳುವುದೇ ಬೇಕಿಲ್ಲ, ಮಕ್ಕಳೇ ಹೇಳುತ್ತಾರೆ.

ಆಮೇಲೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗಂಟನ್ನು ಬ್ಲೇಡಿನಿಂದ ಎರಡು ಹೋಳು ಮಾಡುತ್ತೇನೆ. ಒಳಗೆ ನಸುಗೆಂಪು. ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ: "ಸರ್, ಇದರಾಗ ರಕ್ತ ಅದ ಏನ್ರಿ?" ಈ ಪ್ರಶ್ನೆಗೋಸ್ಕರವೇ ನಾನು ಕಾಯುತ್ತಿರುತ್ತೇನೆ. ಯಾಕೆಂದರೆ ಕೇಳಿದ ಮಗು ಸತ್ಯದ ಹತ್ತಿರವೇ ಇದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧು ಅದು, ಅದರಲ್ಲೂ ಕಬ್ಬಿಣ ಇದೆ, ಅದೂ ಆಮ್ಲಜನಕವನ್ನು ಹಿಡಿಯುತ್ತದೆ. ಗಂಟಿನೊಳಗೆ ರೈಜೋಬಿಯಂ ಬ್ಯಾಕ್ಟೀರಿಯಾ ವಾಸ ಮಾಡುತ್ತವೆ. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕ ಇದ್ದರೂ ಗಿಡಕ್ಕೆ ಅದನ್ನು ನೇರವಾಗಿ ಬಳಸಲು ಆಗುವುದಿಲ್ಲ. ಈ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿ ಕೊಡುತ್ತವೆ. ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಎರಡನ್ನೂ ತೂಗಿಸುವುದು ಆ ಕೆಂಪು ವಸ್ತು. ಗಂಟಿನ ಒಳಗೆ ಬೆಳ್ಳಗಿದ್ದರೆ ಕೆಲಸ ಇನ್ನೂ ಶುರುವಾಗಿಲ್ಲ ಅಥವಾ ಸರಿಯಾಗಿ ನಡೆಯುತ್ತಿಲ್ಲ, ಹಸಿರು ಅಥವಾ ಕಂದು ಆಗಿದ್ದರೆ ವಯಸ್ಸಾಗಿದೆ ಅಂತ ಅರ್ಥ.

ಒಂದು ಎಚ್ಚರ. ಬೇರನ್ನು ಜಂತುಹುಳು ತಿಂದರೂ ಗಂಟು ಕಟ್ಟುತ್ತದೆ. ರೈಜೋಬಿಯಂ ಗಂಟು ಬೇರಿನ ಬದಿಗೆ ಅಂಟಿರುತ್ತದೆ, ಬೆರಳಲ್ಲಿ ತಳ್ಳಿದರೆ ಕಳಚುತ್ತದೆ. ಹುಳದ ಗಂಟಿನಲ್ಲಿ ಬೇರು ತಾನೇ ಊದಿರುತ್ತದೆ, ಕಳಚುವುದಿಲ್ಲ.

ಅಂಗಾಂಶದ ಪಾಠಕ್ಕೆ ಹೂ ಬಿಡುವ ಹೊತ್ತು, ಅಂದರೆ ದಸರಾ ರಜೆ ಮುಗಿದ ಮೇಲೆ. ಆಗ ಹೊಲದಲ್ಲಿ ಅಲ್ಲಲ್ಲಿ ಗಿಡ ಒಣಗಿ ನಿಂತಿರುತ್ತವೆ. ನೆಟೆ ರೋಗ ಎಂದರೆ ನಮ್ಮ ಕಡೆ ಗೊತ್ತಿಲ್ಲದ ಮನೆಯಿಲ್ಲ. ನೆಲದಲ್ಲಿ ಹಸಿ ಇರುತ್ತದೆ, ಗಿಡ ಮಾತ್ರ ನೀರಿಲ್ಲದಂತೆ ಬಾಡುತ್ತದೆ. ಯಾಕೆ? ಈ ಒಂದು ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದು ಪಾಠ ಶುರು ಮಾಡುತ್ತೇನೆ.

ಆರೋಗ್ಯವಾಗಿರುವ ತೊಗರಿಯ ಎಳೆ ಟೊಂಗೆಯನ್ನು ಹಿಂದಿನ ದಿನವೇ ಕೆಂಪು ಇಂಕು ಬೆರೆಸಿದ ನೀರಲ್ಲಿ ನಿಲ್ಲಿಸಿರುತ್ತೇನೆ. ಮರುದಿನ ಅದನ್ನು ಉದ್ದಕ್ಕೆ ಸೀಳಿದರೆ ಕೆಂಪು ಗೆರೆ ಮೇಲಕ್ಕೆ ಏರಿರುತ್ತದೆ. ಪಕ್ಕದಲ್ಲಿ ನೆಟೆ ಬಿದ್ದ ಗಿಡದ ಕಾಂಡವನ್ನೂ ಸೀಳುತ್ತೇನೆ. ತೊಗಟೆ ಸುಲಿದ ಕೂಡಲೇ ಕಂದು, ಕಪ್ಪು ಗೆರೆಗಳು. ಇಲ್ಲಿ ಕೆಂಪು ಬಂದ ಜಾಗದಲ್ಲೇ ಅಲ್ಲಿ ಕಪ್ಪು ಬಂದಿದೆ. ಆ ಜಾಗದ ಹೆಸರು ಕ್ಸೈಲಮ್. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ಈ ನಾಳಗಳನ್ನು ಕಟ್ಟಿಹಾಕುತ್ತದೆ. ನೀರು ಮೇಲೆ ಹತ್ತುವುದಿಲ್ಲ. ಇಷ್ಟು ಕಂಡ ಮೇಲೆ ಕ್ಸೈಲಮ್ ಅಂದರೇನು ಎಂದು ಯಾವ ಮಗುವೂ ಬಾಯಿಪಾಠ ಮಾಡುವುದಿಲ್ಲ.

ಅಡ್ಡ ಸೀಳಿಕೆ ಮಾಡುವಾಗ ಎಳೆ ಕಾಂಡವನ್ನೇ ಆರಿಸಬೇಕು, ಬಲಿತದ್ದು ಬ್ಲೇಡಿಗೆ ಬಗ್ಗುವುದಿಲ್ಲ. ಆಲೂಗಡ್ಡೆ ಹೋಳಿನ ನಡುವೆ ಸಿಗಿಸಿ ಕೊಯ್ದರೆ ತೆಳ್ಳಗೆ ಬರುತ್ತದೆ. ಸಾಫ್ರನಿನ್ ಎಂಬ ಕೆಂಪು ಬಣ್ಣದ ಹನಿ ಹಾಕಿದರೆ ಕ್ಸೈಲಮ್ ಕೆಂಪಾಗುತ್ತದೆ. ತೊಗರಿಯಲ್ಲಿ ನಾಳಗಳ ಕಟ್ಟುಗಳು ಸುತ್ತಲೂ ಬಳೆಯಾಗಿ ಕೂತಿರುತ್ತವೆ, ಸಜ್ಜೆ ಕಾಂಡದಲ್ಲಿ ಚೆಲ್ಲಾಪಿಲ್ಲಿ ಹರಡಿರುತ್ತವೆ. ಶಾಲೆಯಲ್ಲಿ ಸೂಕ್ಷ್ಮದರ್ಶಕ ಒಂದೇ ಇದ್ದರೆ ಮೊಬೈಲ್ ಕ್ಯಾಮೆರಾವನ್ನು ಅದರ ಕಣ್ಣುಗಾಜಿಗೆ ಹಿಡಿದು ಫೋಟೋ ತೆಗೆಯಬಹುದು. ಸಾಲು ಹಚ್ಚುವ ಗದ್ದಲ ತಪ್ಪುತ್ತದೆ.

ಇಲ್ಲಿ ಮಕ್ಕಳಿಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ನೀರು ಸಾಗಿಸುವ ಆ ಕೋಶಗಳು ಸತ್ತ ಕೋಶಗಳು. ಒಳಗಿನ ಜೀವರಸ ಹೋಗಿ ಟೊಳ್ಳಾಗಿರುವುದರಿಂದಲೇ ನೀರಿಗೆ ದಾರಿ ಆಗಿದೆ. "ಸತ್ತಿದ್ದು ನೀರು ಹೆಂಗ ಎಳೀತದ್ರಿ?" ಅನ್ನುತ್ತಾರೆ. ಅದು ಎಳೆಯುವುದಿಲ್ಲ. ಎಲೆಯಿಂದ ನೀರು ಆವಿಯಾಗಿ ಹೋದಾಗ ಮೇಲಿನಿಂದ ಸೆಳೆತ ಹುಟ್ಟುತ್ತದೆ. ಹತ್ತನೇ ತರಗತಿಯ ಬಾಷ್ಪವಿಸರ್ಜನೆಗೆ ಇಲ್ಲಿಂದಲೇ ದಾರಿ.

ನೆಟೆ ರೋಗದ ಮಾತು ಬಂದರೆ ಮಕ್ಕಳು ಮನೆಯ ಚಿಂತೆಯನ್ನೂ ತರುತ್ತಾರೆ. "ನಮ್ಮಪ್ಪ ಏನು ಮಾಡಬೇಕ್ರಿ ಸರ್?" ಗೊತ್ತಿದ್ದಷ್ಟು ಹೇಳುತ್ತೇನೆ. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಆದ್ದರಿಂದ ಅದೇ ಹೊಲಕ್ಕೆ ಪ್ರತಿ ವರ್ಷ ತೊಗರಿ ಹಾಕುವುದು ಒಳ್ಳೆಯದಲ್ಲ, ನಡುವೆ ಜೋಳ ಬೆಳೆದರೆ ರೋಗ ತಗ್ಗುತ್ತದೆ. ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿಗಳಿವೆ. ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ ಬಿತ್ತುವುದುಂಟು. ಅದೂ ಒಂದು ಶಿಲೀಂಧ್ರವೇ, ಆದರೆ ರೈತನ ಕಡೆಯದು. ಮಿತ್ರ ಜೀವಿ, ಶತ್ರು ಜೀವಿ ಎಂಬ ಎಂಟನೇ ತರಗತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಔಷಧಿ, ಪ್ರಮಾಣದ ವಿಷಯಕ್ಕೆ ಮಾತ್ರ ರೈತ ಸಂಪರ್ಕ ಕೇಂದ್ರಕ್ಕೆ ಹೋಗಲು ಹೇಳುತ್ತೇನೆ.

ಆಗಸ್ಟ್‌ನಲ್ಲಿ ಮಳೆ ಹಿಡಿದು ಹೊಲಕ್ಕೆ ಕಾಲಿಡಲು ಆಗದಿದ್ದರೆ ಚಿಂತೆ ಬೇಡ. ಹಿಂಗಾರಿಗೆ ಕಡಲೆ ಬಿತ್ತಿರುತ್ತಾರೆ. ನವೆಂಬರ್ ಕೊನೆಗೆ ಅದರ ಬೇರು ತೆಗೆದು ನೋಡಿ. ಗಿಡ ಚಿಕ್ಕದು, ಅಗೆಯುವುದು ಸುಲಭ, ಗಂಟುಗಳೂ ಚೆನ್ನಾಗಿ ಕಾಣುತ್ತವೆ. ಹೊಲದವರನ್ನು ಮೊದಲು ಕೇಳಿ, ಒಂದೆರಡು ಗಿಡವಷ್ಟೇ ತೆಗೆಯಿರಿ. ಬ್ಲೇಡು ಮಾತ್ರ ಮಾಸ್ತರ ಕೈಯಲ್ಲೇ ಇರಲಿ.