ಫ್ರೇಮ್ ಹಾಕಬೇಕೋ, ಟೆಕ್ಸ್ಟ್ ಬಾಕ್ಸೋ?

ಪುಟದ ಪಕ್ಕದಲ್ಲಿ ಚೌಕ ಮಾಡಿ ನಾಲ್ಕು ಸಾಲು ಬರೆಯಬೇಕು ಅಂದರೆ ನಮ್ಮ ಕೈ ಸೀದಾ ಟೆಕ್ಸ್ಟ್ ಬಾಕ್ಸ್ ಕಡೆಗೆ ಹೋಗುತ್ತದೆ. ಫ್ರೇಮ್ ಕೂಡ ನೋಡಲು ಹಾಗೇ ಇರುತ್ತದೆ, ಅಲ್ವಾ? ಆದರೆ ಎಂಎಸ್ ವರ್ಡ್‌ನಲ್ಲಿ ಟೆಕ್ಸ್ಟ್ ಬಾಕ್ಸ್ ಚಿತ್ರದ ಗುಂಪಿಗೆ ಸೇರಿದ್ದು, ಪುಟದ ಮೇಲೆ ಅಂಟಿಸಿದ ಚೀಟಿ ಇದ್ದಂತೆ. ಫ್ರೇಮ್ ಪ್ಯಾರಾದ ಫಾರ್ಮ್ಯಾಟಿಂಗ್‌ನಲ್ಲೇ ಒಂದು ಭಾಗ. ಪ್ಯಾರಾದ ಮೊದಲಕ್ಷರವನ್ನು ಡ್ರಾಪ್ ಕ್ಯಾಪ್‌ನಿಂದ ದೊಡ್ಡದು ಮಾಡಿದ್ದೀರಾ? ಹಾಗಿದ್ದರೆ ನಿಮಗೇ ಗೊತ್ತಿಲ್ಲದೆ ಫ್ರೇಮ್ ಬಳಸಿದ್ದೀರಿ.

ಮೊದಲು ಒಳಗೆ ಏನು ಬರುತ್ತದೆ ಎಂದು ನೋಡಿ. ಅಡಿಟಿಪ್ಪಣಿ ಬೇಕಿದ್ದರೆ ಫ್ರೇಮೇ ಗತಿ. ಟೆಕ್ಸ್ಟ್ ಬಾಕ್ಸ್‌ನೊಳಗೆ ವರ್ಡ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಅಕ್ಷರಗಳನ್ನು ಓರೆಯಾಗಿ ತಿರುಗಿಸಬೇಕು, ಅಥವಾ ಒಂದು ಚೌಕದಲ್ಲಿ ಹಿಡಿಸದ ಬರಹ ಇನ್ನೊಂದಕ್ಕೆ ಹರಿಯಬೇಕು ಅಂದರೆ ಟೆಕ್ಸ್ಟ್ ಬಾಕ್ಸ್ ತೆಗೆದುಕೊಳ್ಳಿ.

ಫ್ರೇಮ್ ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಇನ್ಸರ್ಟ್ ಮೆನುವಿನಲ್ಲಿ ಸಿಗುವುದಿಲ್ಲ. ಫೈಲ್‌ನಲ್ಲಿ ಆಪ್ಷನ್ಸ್, ಅಲ್ಲಿ ಕಸ್ಟಮೈಸ್ ರಿಬ್ಬನ್ ತೆರೆದು ಡೆವಲಪರ್‌ಗೆ ಟಿಕ್ ಹಾಕಿ. ಈಗ ಮೇಲೆ ಡೆವಲಪರ್ ಟ್ಯಾಬ್ ಬರುತ್ತದೆ. ಚೌಕಕ್ಕೆ ಹೋಗಬೇಕಾದ ಪ್ಯಾರಾವನ್ನು ಸೆಲೆಕ್ಟ್ ಮಾಡಿ, ಆ ಟ್ಯಾಬ್‌ನ ಲೆಗಸಿ ಟೂಲ್ಸ್‌ನಲ್ಲಿ ಇನ್ಸರ್ಟ್ ಫ್ರೇಮ್ ಒತ್ತಿ. ಪ್ಯಾರಾದ ಸುತ್ತ ಫ್ರೇಮ್ ಬರುತ್ತದೆ. ಅಂಚನ್ನು ಹಿಡಿದು ಬೇಕಾದ ಕಡೆ ಎಳೆಯಿರಿ.

ಇಂಥ ಚೌಕ ಪುಟಪುಟಕ್ಕೂ ಬರುವುದಾದರೆ ಪ್ರತಿ ಸಲ ಸುಮ್ನೆ ಕಷ್ಟಪಡಬೇಡಿ. ಸ್ಟೈಲ್ (ಹೆಸರಿಟ್ಟು ಉಳಿಸಿಟ್ಟ ಫಾರ್ಮ್ಯಾಟಿಂಗ್) ಒಂದನ್ನು ಮಾಡಿಫೈ ಮಾಡುವಾಗ ಫಾರ್ಮ್ಯಾಟ್ ಬಟನ್‌ನಡಿ ಫ್ರೇಮ್ ಆಯ್ಕೆ ಇದೆ. ಅಲ್ಲಿ ಅಗಲ, ಜಾಗ ಎಲ್ಲ ಹೇಳಿಟ್ಟರೆ ಮುಂದೆ ಸ್ಟೈಲ್ ಹಾಕಿದರೆ ಸಾಕು. ನನಗೆ ಫ್ರೇಮ್ ಜಾಸ್ತಿ ಇಷ್ಟವಾಗುವುದೇ ಇದಕ್ಕೆ. ಟೆಕ್ಸ್ಟ್ ಬಾಕ್ಸ್ ಅನ್ನು ಹೀಗೆ ಪ್ಯಾರಾ ಸ್ಟೈಲ್‌ಗೆ ಸೇರಿಸಲಾಗದು.

ತೆಗೆಯುವಾಗ ಮಾತ್ರ ಹುಷಾರು. ಟೆಕ್ಸ್ಟ್ ಬಾಕ್ಸ್ ಡಿಲೀಟ್ ಮಾಡಿದರೆ ಒಳಗಿನ ಬರಹವೂ ಹೋಗುತ್ತದೆ. ಫ್ರೇಮ್‌ನ ಅಂಚಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ರಿಮೂವ್ ಫ್ರೇಮ್ ಒತ್ತಿದರೆ ಚೌಕ ಹೋಗಿ ಬರಹ ಉಳಿಯುತ್ತದೆ.

ವರ್ಡ್‌ನಂಥದ್ದೇ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ರೈಟರ್ ಬಳಸುವವರಿಗೆ ಹುಡುಕಾಟವಿಲ್ಲ, ಇನ್ಸರ್ಟ್ ಮೆನುವಿನಲ್ಲೇ ಫ್ರೇಮ್ ಇದೆ. ಅದರೊಳಗೆ ಕಾಲಂ, ಟೇಬಲ್ ಕೂಡ ಹಾಕಬಹುದು. ಆದರೆ ಒಂದು ಗಮ್ಮತ್ತು: ಬರಹವನ್ನು ಚೌಕದಿಂದ ಚೌಕಕ್ಕೆ ಹರಿಸುವ ಕೆಲಸ ಇಲ್ಲಿ ಫ್ರೇಮ್‌ನದು. ಮೊದಲ ಫ್ರೇಮ್ ಸೆಲೆಕ್ಟ್ ಮಾಡಿ, ಲಿಂಕ್ ಫ್ರೇಮ್ಸ್ ಒತ್ತಿ, ಎರಡನೆಯದರ ಮೇಲೆ ಕ್ಲಿಕ್ ಮಾಡಿ. ಆ ಎರಡನೆಯದು ಖಾಲಿ ಇರಬೇಕು, ಇಲ್ಲದಿದ್ದರೆ ಕೂಡುವುದಿಲ್ಲ.